ಷಡ್ಡಕನ ತೆಳು ಹಲಗೆ

ಹಲಗೆಯ ಬೆನ್ನ ಮೇಲೆ ಅಂಗಡಿಯ ಮುದ್ರೆ ಇದೆಯೇ ಎಂದು ದೊಡ್ಡಳಿಯ ಬಗ್ಗಿ ನೋಡುತ್ತಿದ್ದ. ಒಂದನ್ನು ಎತ್ತಿ ತಿರುಗಿಸಿದ, ಇಲ್ಲ. ಹಿಂದಿನದನ್ನು ಎಳೆದ, ಅದರಲ್ಲೂ ಇಲ್ಲ. ಗೋಡೆಗೆ ಒರಗಿಸಿದ್ದ ಮೂವತ್ತು ನಲವತ್ತು ತೆಳು ಪ್ಲೈವುಡ್ ಹಲಗೆಗಳಲ್ಲಿ ಒಂದರ ಮೇಲೂ ಊರು ಹೆಸರು ಇರಲಿಲ್ಲ. ಹಿತ್ತಿಲಿನ ಈ ಶೆಡ್ಡಿನಿಂದ ಹತ್ತು ಹೆಜ್ಜೆ ಆಚೆ, ನಡುಮನೆಯಲ್ಲಿ, ಹಲಗೆಗಳ ಯಜಮಾನ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಪ್ರಾಣ ಹೋಗಿತ್ತು.

"ಏನ್ರೀ ಮಾಡ್ತಿದೀರ ಇಲ್ಲಿ?"

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಬೆಂಚು ಇದೆಯೇನೋ ಅಂತ ನೋಡ್ತಿದ್ದೆ. ಬಂದವರು ಕೂರೋದು ಬೇಡ್ವಾ?"

"ಹಲಗೆ ಸಂದೀಲಿ ಬೆಂಚು ಇರತ್ತಾ?" ಎಂದಳು. "ಇವತ್ತೊಂದು ದಿನ ಆದ್ರೂ ಬಿಡಿ ಅಂದ್ರೆ. ಅವನೇ ಹೋಗಿ ಆಯ್ತು."

ಅವಳ ತಂಗಿಯ ಗಂಡ ಅವನು. ಅಕ್ಕನ ಗಂಡ ದೊಡ್ಡಳಿಯ, ತಂಗಿಯ ಗಂಡ ಚಿಕ್ಕಳಿಯ ಎಂದು ಮಾವನ ಮನೆಯಲ್ಲಿ ಕರೆದದ್ದೇ ಹೆಸರಾಗಿ, ಅತ್ತೆ ಮಾವ ಹೋಗಿ ಎಷ್ಟೋ ವರ್ಷವಾದರೂ, ಇಬ್ಬರ ತಲೆಯೂ ನರೆತರೂ ಹಾಗೇ ಉಳಿದಿತ್ತು. ದೊಡ್ಡಳಿಯ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತನಾದವನು. ಚಿಕ್ಕಳಿಯ ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವವನಾಗಿದ್ದ. ಇಬ್ಬರಿಗೂ ಹಿಡಿದಿದ್ದ ಹುಚ್ಚು ಒಂದೇ. ಕೂದಲೆಳೆಯಂಥ ಅಲಗು ಮೇಲೆ ಕೆಳಗೆ ಕುಣಿಯುವ ಸ್ಕ್ರೋಲ್ ಸಾ ಎಂಬ ಗರಗಸದಲ್ಲಿ ತೆಳು ಹಲಗೆ ಕೊರೆದು ಹಕ್ಕಿ, ಬಳ್ಳಿ, ದೀಪದ ಗೂಡು, ಗಡಿಯಾರದ ಚೌಕಟ್ಟು ಮಾಡುವುದು.

ಆದರೆ ಹಲಗೆ ಒಂದೇ ಆಗಿರಲಿಲ್ಲ. ದೊಡ್ಡಳಿಯ ಪ್ಲೈವುಡ್ ಅಂಗಡಿಗಳ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಅಲೆದು ಚಪ್ಪಲಿ ಸವೆಸಿದವನು. ಮೂರು ಎಂಎಂ ತುಂಡು ಇದೆಯಾ ಎಂದರೆ, "ಪೂರ್ತಿ ಶೀಟ್ ತಗೊಳ್ಳಿ ಸಾರ್, ತುಂಡು ಕೊಡಲ್ಲ" ಎಂದು ಅಂಗಡಿಯವನು ಇನ್ನೊಬ್ಬ ಗಿರಾಕಿಯ ಕಡೆ ತಿರುಗುತ್ತಿದ್ದ. ಪೂರ್ತಿ ಶೀಟೆಂದರೆ ಎಂಟಡಿಗೆ ನಾಲ್ಕಡಿ. ಒಳ್ಳೆಯದರ ಬೆಲೆ ಕೇಳಿದರೆ ಗೋಡೆ ಹಿಡಿದುಕೊಳ್ಳಬೇಕು. ಅಗ್ಗದ್ದು ತಂದರೆ ನಡುವಿನ ಪದರ ಟೊಳ್ಳು. ಅಲಗು ಅಲ್ಲಿಗೆ ಬಂದ ಕೂಡಲೇ ಎರಡು ದಿನ ಕೊರೆದ ಹಕ್ಕಿಯ ಕೊಕ್ಕು ಪಟ್ಟನೆ ಎದ್ದು ಹಾರುತ್ತಿತ್ತು. ಚಿಕ್ಕಳಿಯನ ಹಲಗೆಯೋ, ಅಂಚಿನಲ್ಲಿ ನೋಡಿದರೆ ಮೂರು ಪದರವೂ ಒತ್ತಾಗಿ, ಒಂದು ಚೂರೂ ಬಿರುಕಿಲ್ಲದೆ, ಹಳೆಯ ಜೇನಿನ ಬಣ್ಣದಲ್ಲಿರುತ್ತಿತ್ತು. ಮೀಟರ್ ಓದುವವನ ಸಂಬಳಕ್ಕೆ ಇದು ಎಲ್ಲಿಂದ ಬರುತ್ತದೆ? ಈ ಒಂದು ಪ್ರಶ್ನೆ ಮೂವತ್ತು ವರ್ಷ ದೊಡ್ಡಳಿಯನ ಊಟ ನಿದ್ದೆ ಕೆಡಿಸಿತ್ತು.

"ಬನ್ನಿ ಹೊರಗೆ," ಎಂದು ಹೆಂಡತಿ ಶೆಡ್ಡಿನ ಬಾಗಿಲು ಎಳೆದುಕೊಂಡಳು. "ಯಾರ್ಯಾರೋ ಬರ್ತಿದಾರೆ. ನೀವು ಮನೆ ಹಿರಿಯರು, ಮುಂದೆ ನಿಲ್ಲಿ."

* * *

ಗರಗಸ ಹಿಡಿಯುವುದನ್ನು ಚಿಕ್ಕಳಿಯನಿಗೆ ಕಲಿಸಿದವನು ದೊಡ್ಡಳಿಯನೇ. ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗ ಒಂದು ಮಧ್ಯಾಹ್ನವಿಡೀ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮಿಟುಕಿಸದೆ ನೋಡಿದ್ದ. ಎರಡು ವಾರ ಬಿಟ್ಟು ಮಾವನ ಮನೆಗೆ ಬಂದಾಗ ಜೇಬಿನಿಂದ ಒಂದು ಪುಟ್ಟ ಹಕ್ಕಿ ತೆಗೆದ.

"ಭಾವ, ನೋಡಿ. ನಾನೇ ಕೊರೆದೆ."

ಕೆಲಸ ಒರಟಾಗಿತ್ತು, ಆದರೆ ಹಲಗೆ ಎಲ್ಲೂ ಎದ್ದಿರಲಿಲ್ಲ. ದೊಡ್ಡಳಿಯ ತಿರುಗಿಸಿ ನೋಡಿದ. ಬೆನ್ನಲ್ಲಿ ಸಾಲಾಗಿ ದುಂಡು ತೂತುಗಳಿದ್ದವು.

"ಇದೇನಯ್ಯಾ, ಹಳೇ ರೇಡಿಯೋದ ಬೆನ್ನಾ? ತಿಪ್ಪೆ ಕೆದಕಿ ತಂದ್ಯಾ?" ಎಂದು ಎಲ್ಲರಿಗೂ ಕೇಳುವಂತೆ ನಕ್ಕ. "ನೋಡಿ ಮಾವ, ನಿಮ್ಮ ಚಿಕ್ಕಳಿಯ ಕಂಡವರ ಮನೆ ಕಸ ಆರಿಸಿ ಕಲಾವಿದ ಆಗ್ತಾನಂತೆ!"

ಮಾವ ನಕ್ಕರು, ಅತ್ತೆ ನಕ್ಕರು. ಚಿಕ್ಕಳಿಯನೂ ನಕ್ಕು ಹಕ್ಕಿಯನ್ನು ಜೇಬಿಗೆ ಹಾಕಿಕೊಂಡ. ಅಂದಿನಿಂದ ಅವನ ಹಲಗೆಯಲ್ಲಿ ಒಂದು ತೂತು, ಒಂದು ಮೊಳೆಯ ಗುರುತು ಕಾಣಿಸಲಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ, "ಸಿಗತ್ತೆ ಭಾವ" ಎನ್ನುತ್ತಿದ್ದ. ಅಷ್ಟೇ. ಒಂದು ಭಾನುವಾರ ದೊಡ್ಡಳಿಯ ಟೋಪಿ ಹಾಕಿಕೊಂಡು ಅವನ ಹಿಂದೆಯೇ ಬಸ್ಸು ಹತ್ತಿದ್ದೂ ಉಂಟು. ಚಿಕ್ಕಳಿಯ ಯಾರದೋ ಮನೆಯೊಳಗೆ ಹೋದವನು ಎರಡು ಗಂಟೆಯಾದರೂ ಹೊರಗೆ ಬರಲಿಲ್ಲ. ಬಿಸಿಲಲ್ಲಿ ನಿಂತು ತಲೆ ಸುತ್ತಿ ದೊಡ್ಡಳಿಯನೇ ವಾಪಸಾದ.

ಪ್ರದರ್ಶನ ನಡೆದದ್ದು ಹದಿನಾಲ್ಕು ವರ್ಷದ ಹಿಂದೆ, ಪುರಭವನದಲ್ಲಿ. ಚಿಕ್ಕಳಿಯ ಕೈವಾರ ಇಟ್ಟು ಗೆರೆ ಎಳೆದು ಜೇನುಗೂಡಿನಂಥ ಜಾಲರಿ ಕಿಟಕಿ ಮಾಡಿದ್ದ. ಅದರಲ್ಲಿ ಚಿತ್ರ ಎಂಬುದೇನೂ ಇರಲಿಲ್ಲ, ಬರೀ ಆರು ಮೂಲೆಯ ತೂತುಗಳು. ಆದರೆ ಬೆಂಕಿಕಡ್ಡಿಯಷ್ಟು ಸಪೂರ ಬಿಟ್ಟರೂ ಹಲಗೆ ಒಂದು ಕಡೆಯೂ ಮುರಿದಿಲ್ಲವಲ್ಲ ಎಂದು ತೀರ್ಪುಗಾರರು ಬೆರಳಾಡಿಸಿ ನೋಡಿ ಮೊದಲ ಬಹುಮಾನ ಕೊಟ್ಟರು. ದೊಡ್ಡಳಿಯನ ಬಳ್ಳಿಯ ಗಡಿಯಾರ ಕುಡಿಯುವ ನೀರಿನ ಡ್ರಮ್ಮಿನ ಪಕ್ಕದಲ್ಲಿತ್ತು. ಲೋಟ ಹಿಡಿದು ನಿಂತಿದ್ದ ಒಬ್ಬಾಕೆ ಕೇಳಿದಳು: "ಬಹುಮಾನ ಬಂದವರು ನಿಮ್ಮ ಷಡ್ಡಕರಂತೆ? ನಿಮಗೂ ಸ್ವಲ್ಪ ಸ್ವಲ್ಪ ಬರತ್ತಾ?"

ಆ ವಾರವೇ ದೊಡ್ಡಳಿಯ ವಿದ್ಯುತ್ ಕಚೇರಿಗೆ ಮೂಗರ್ಜಿ ಬರೆದ. ತನ್ನ ಅಕ್ಷರ ಹತ್ತು ಜನಕ್ಕೆ ಗೊತ್ತಿದ್ದುದರಿಂದ ಎಡಗೈಯಲ್ಲಿ ಬರೆದ. "ಈ ನೌಕರನ ಮನೆಯಲ್ಲಿ ಸಂಬಳಕ್ಕೆ ಮೀರಿದ ಮರದ ಸಾಮಗ್ರಿ ಇದ್ದು, ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ವಿಚಾರಿಸಬೇಕು." ಕೆಟ್ಟದ್ದೇನು ಬರೆದೆ, ಎಲ್ಲಿಂದ ಎಂದು ಕೇಳಿದೆ ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡ. ತಾನು ಕೇಳಿದರೆ ಬಾಯಿ ಬಿಡದವನು ಇಲಾಖೆ ಕೇಳಿದರೆ ಬಿಟ್ಟಾನು, ಉತ್ತರ ಹೇಗಾದರೂ ತನ್ನ ಕಿವಿಗೆ ಬಿದ್ದೀತು ಎಂಬ ಆಸೆಯೂ ಇತ್ತು.

ಮೂರನೇ ವಾರ ಚಿಕ್ಕಳಿಯ ಕೈಯಲ್ಲಿ ನೋಟೀಸು ಹಿಡಿದು ನೆಟ್ಟಗೆ ಭಾವನ ಮನೆಗೇ ಬಂದ.

"ನಂಗೆ ಇಂಥದ್ದೆಲ್ಲ ಬರೆಯೋಕೆ ಬರಲ್ಲ ಭಾವ. ನೀವು ಕಚೇರಿ ನೀರು ಕುಡಿದವರು. ಉತ್ತರ ಬರೆದುಕೊಡ್ತೀರಾ?"

ದೊಡ್ಡಳಿಯ ಕನ್ನಡಕ ಏರಿಸಿ, ಹೊಸ ಹಾಳೆ ತೆಗೆದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಶುರುಮಾಡಿದ. ಹತ್ತು ಸಾಲಾದ ಮೇಲೆ ಪೆನ್ನು ನಿಲ್ಲಿಸಿ ತಲೆ ಎತ್ತದೆ ಕೇಳಿದ: "ಸರಿ, ಹೇಳು. ಹಲಗೆ ಎಲ್ಲಿಂದ ಅಂತ ಬರೀಲಿ?"

ಚಿಕ್ಕಳಿಯ ನೋಟೀಸಿನ ಮೂಲೆ ಮಡಿಸಿದ, ಬಿಡಿಸಿದ.

"ಅದೊಂದು ಬಿಟ್ಟು ಬರೀರಿ ಭಾವ."

ಅದೊಂದು ಬಿಟ್ಟ ಉತ್ತರ ಕಚೇರಿಗೆ ಸಾಕಾಗಲಿಲ್ಲ. ಊರೆಲ್ಲ ಸುತ್ತುತ್ತಿದ್ದವನನ್ನು ಕಿಟಕಿಯಿಲ್ಲದ ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗಿನ ಒಂಬತ್ತು ವರ್ಷ ಅವನು ಅಲ್ಲೇ ಕೂತು ತಂತಿಯ ಸುರುಳಿ ಎಣಿಸಿದ. ಇನ್ನು ಹಲಗೆ ನಿಲ್ಲುತ್ತದೆ ಎಂದು ದೊಡ್ಡಳಿಯ ಕಾದ. ನಿಲ್ಲಲಿಲ್ಲ. ಹೆಚ್ಚಾಯಿತು.

* * *

ಹತ್ತು ಗಂಟೆಯ ಹೊತ್ತಿಗೆ ಗೇಟಿನ ಹೊರಗೂ ಜನ ತುಂಬಿದ್ದರು. ಮನೆ ಹಿರಿಯನಾಗಿ ಬಾಗಿಲಲ್ಲಿ ನಿಂತ ದೊಡ್ಡಳಿಯ ಮೆಟ್ಟಿಲ ಕೆಳಗಿನ ಚಪ್ಪಲಿ ಎಣಿಸುತ್ತಿದ್ದ. ಎಂಬತ್ತು ಜೊತೆಯವರೆಗೆ ಎಣಿಸಿ ಬಿಟ್ಟುಬಿಟ್ಟ. ತನ್ನ ದಿನ ಬಂದಾಗ ಎಷ್ಟು ಜೊತೆ ಬಂದೀತು? ಇಪ್ಪತ್ತು? ಅದರಲ್ಲೂ ಅರ್ಧ ಹೆಂಡತಿಯ ಕಡೆಯವು. ಸತ್ತವನ ಮೇಲೂ ಹೊಟ್ಟೆ ಉರಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ನೀವು ಮೀಟರಣ್ಣಂಗೆ ಏನಾಗಬೇಕು?" ಪಕ್ಕದ ಕುರ್ಚಿಯಲ್ಲಿ ಬಂದು ಕೂತ ಮುದುಕ ಕೇಳಿದ. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿತ್ತು. ದರ್ಜಿ ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಬಂದಂತಿತ್ತು.

"ಯಾವ ಮೀಟರಣ್ಣ?"

"ಇನ್ಯಾವ ಮೀಟರಣ್ಣ! ಒಳಗೆ ಮಲಗಿದಾರಲ್ಲ, ಅವರೇ."

"ನಾನು ಅವನ ಷಡ್ಡಕ."

"ಹೌದಾ! ಪುಣ್ಯವಂತರು ಬಿಡಿ." ದರ್ಜಿ ಕಣ್ಣೊರೆಸಿಕೊಂಡ. "ನಮ್ಮ ಹಳೇ ಬೀರು ಅವರಿಗೇ ಕೊಟ್ಟಿದ್ದು. ಬಾಗಿಲು ಬಿದ್ದು, ಕಾಲು ಕಳಚಿ, ಮೂಲೇಲಿ ಬಿದ್ದಿತ್ತು. ಮೀಟರ್ ನೋಡೋಕೆ ಬಂದವರು ಅದರ ಬೆನ್ನು ತಟ್ಟಿ, 'ಇದೊಂದು ಕೊಡ್ತೀರಾ' ಅಂದ್ರು. ಒಲೆಗೆ ಹಾಕೋ ಸಾಮಾನು, ತಗೊಂಡು ಹೋಗಪ್ಪಾ ಅಂದೆ. ಭಾನುವಾರ ಬಂದು ಮೊಳೆ ಒಂದೊಂದೇ ಕಿತ್ತು, ಹಲಗೆ ತಗೊಂಡು, ಉಳಿದ ಮರದಲ್ಲಿ ನಂಗೆ ಇಸ್ತ್ರಿ ಮೇಜು ಮಾಡಿಕೊಟ್ಟು ಹೋದ್ರು ಮಾರಾಯರೆ. ಎರಡು ಗಂಟೆ ಬೆವರು ಸುರಿಸಿದ್ರು."

ಬಿಸಿಲಲ್ಲಿ ಟೋಪಿ ಹಾಕಿ ನಿಂತ ಎರಡು ಗಂಟೆ ದೊಡ್ಡಳಿಯನ ನೆನಪಿಗೆ ಬಂತು.

"ಬೀರುವಿನ ಬೆನ್ನು," ಎಂದ ನಿಧಾನವಾಗಿ.

"ನಮ್ಮ ಆಸ್ಪತ್ರೇದು ಔಷಧಿ ಪೆಟ್ಟಿಗೆ," ಎಂದು ಹಿಂದಿನ ಸಾಲಿನಿಂದ ಒಬ್ಬ ಮುದಿ ದಾದಿ ಮುಂದೆ ಬಗ್ಗಿದಳು. "ಮೊದಲೆಲ್ಲ ಸೀಸೆ ಪ್ಲೈವುಡ್ ಪೆಟ್ಟಿಗೇಲಿ ಬರ್ತಿತ್ತು. 'ಅಕ್ಕಾ, ಹಳೇ ಕಾಲದ ಹಲಗೆ ಇದು, ನಡೂಮಧ್ಯ ಟೊಳ್ಳೇ ಇರಲ್ಲ, ಈಗಿನ ಅಂಗಡೀಲಿ ಇದು ಸಿಕ್ಕಲ್ಲ' ಅಂತ ಮಗು ಥರ ಎತ್ತಿಕೊಂಡು ಹೋಗೋರು. ಅವರನ್ನ ಉಗ್ರಾಣಕ್ಕೆ ಹಾಕಿದ ಮೇಲೆ ನಾವೇ ತಂದುಕೊಡೋಕೆ ಶುರು ಮಾಡಿದ್ವಿ."

"ಎಲ್ಲ ಆ ಮೂಗರ್ಜಿ ಬರೆದ ಪುಣ್ಯಾತ್ಮನ ದಯೆ," ಎಂದು ಕಂಬಕ್ಕೆ ಒರಗಿ ನಿಂತಿದ್ದ ಲೈನ್‌ಮನ್ ಒಬ್ಬ ಮಾತು ಸೇರಿಸಿದ. "ಮುಂಚೆ ಮೀಟರಣ್ಣ ಮನೆಮನೆಗೆ ಹೋಗ್ತಿದ್ರು. ಆಮೇಲೆ ಮನೆಮನೆಯೋರೇ ಉಗ್ರಾಣಕ್ಕೆ ಬಂದ್ರು. ಒಬ್ಬರು ಮೇಜಿನ ಮಗ್ಗುಲು ತರೋರು, ಒಬ್ಬರು ಕನ್ನಡಿ ಹಿಂದಿನ ಹಲಗೆ ತರೋರು. ಬರೆದವನು ಯಾವನೋ, ಕಂಡ್ರೆ ಕೈ ಮುಗೀಬೇಕು ನೋಡಿ."

ಯಾರೋ ಸಣ್ಣಗೆ ನಕ್ಕರು. ದೊಡ್ಡಳಿಯನ ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷ ತಡವಾಗಿ ಅವನ ಅರ್ಜಿಗೆ ಉತ್ತರ ಬಂದಿತ್ತು. ಬೀರುವಿನ ಬೆನ್ನು, ಔಷಧಿ ಪೆಟ್ಟಿಗೆ! ತನ್ನ ಮನೆಯ ಅಟ್ಟದಲ್ಲೇ ಅಂಥವು ನಾಲ್ಕಾದರೂ ಇರಬೇಕು.

ಅಷ್ಟರಲ್ಲಿ ದರ್ಜಿ ಚೀಲದಿಂದ ಬಟ್ಟೆ ಸುತ್ತಿದ ಏನನ್ನೋ ತೆಗೆದ. "ಆ ಬೀರುವಿನ ಹಲಗೇಲೇ ನನ್ನ ಮಗಳಿಗೆ ಮಾಡಿಕೊಟ್ಟಿದ್ದು ಇದು. ಹೊರಡೋವಾಗ ಅವರ ಪಕ್ಕ ಒಂದು ಗಳಿಗೆ ಇಡೋಣ ಅಂತ ತಂದೆ."

ಒಂದು ಗಿಣಿ. ತಲೆ ಹಿಂದಕ್ಕೆ ತಿರುಗಿಸಿ ತನ್ನ ಬಾಲವನ್ನೇ ನೋಡುತ್ತಿರುವ ಗಿಣಿ. ಕೊಕ್ಕಿನಿಂದ ಹೊರಟ ಗೆರೆ ಕತ್ತಿನ ಮೇಲೆ ಜಾರಿ, ಎಲ್ಲೂ ತಡೆಯದೆ, ಬಾಲದ ತುದಿವರೆಗೆ ಒಂದೇ ಉಸಿರಿನಲ್ಲಿ ಇಳಿದಿತ್ತು.

ಆ ಗೆರೆ ದೊಡ್ಡಳಿಯನದು. ನಿದ್ದೆಯಲ್ಲಿ ಎಬ್ಬಿಸಿ ತೋರಿಸಿದ್ದರೂ ಗುರುತು ಹಿಡಿಯುತ್ತಿದ್ದ.

* * *

ಮೂರು ವಾರದ ಹಿಂದೆ ಆಸ್ಪತ್ರೆಯಲ್ಲಿ ಇಬ್ಬರೇ ಇದ್ದಾಗ ಚಿಕ್ಕಳಿಯ ಕೇಳಿದ್ದ. ಮೂಗಿಗೆ ನಳಿಗೆ ಹಾಕಿದ್ದರು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಿತ್ತು.

ಮೊದಲು ಕೇಳಿದವನು ದೊಡ್ಡಳಿಯ. "ಈಗಲಾದ್ರೂ ಹೇಳಯ್ಯಾ. ಹಲಗೆ ಎಲ್ಲಿಂದ ತರ್ತಿದ್ದೆ?"

ಚಿಕ್ಕಳಿಯನ ಕಣ್ಣಲ್ಲಿ ನಗು ಬಂತು. "ನೀವು ಮೊದ್ಲು ಹೇಳಿ ಭಾವ. ಗಿಣಿ ಕತ್ತು ಬರೀತೀರಲ್ಲ, ಒಂದೇ ಗೆರೇಲಿ. ಅದು ಹ್ಯಾಗೆ?"

"ಅಭ್ಯಾಸ."

"ಅಭ್ಯಾಸ ನಾನೂ ಮಾಡಿದೆ." ಅವನು ಉಸಿರು ಎಳೆದುಕೊಂಡ. "ಕೈ ಇಟ್ಟ ಕೂಡ್ಲೇ ನಡುಗತ್ತೆ."

ಮೊಣಕೈಯಿಂದಲ್ಲ, ಭುಜದಿಂದ ಎಳೆಯಬೇಕು. ಹೇಳುವುದು ಅಷ್ಟೇ ಇತ್ತು. ದೊಡ್ಡಳಿಯ ಹೇಳಲಿಲ್ಲ. ನೀನು ಹೇಳಿದರೆ ನಾನು ಹೇಳುತ್ತೇನೆ ಎಂಬಂತೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಅಷ್ಟರಲ್ಲಿ ನರ್ಸ್ ಬಂದು ಸಮಯವಾಯಿತೆಂದು ಹೊರಗೆ ಕಳಿಸಿದಳು.

* * *

ಸ್ಮಶಾನದಿಂದ ಬಂದಾಗ ಮಧ್ಯಾಹ್ನ ಇಳಿದಿತ್ತು. ಜನ ಕರಗಿದ್ದರು. ದೊಡ್ಡಳಿಯ ಕೈಕಾಲು ತೊಳೆದವನೇ ನಾದಿನಿಯನ್ನು ಹುಡುಕಿಕೊಂಡು ಹೋದ. ಅವಳು ಶೆಡ್ಡಿನಲ್ಲಿ ಗಂಡನ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ದುಃಖದ ಮನೆಯಲ್ಲಿ ಕೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ, ಬಾಯಿ ಕೇಳಲಿಲ್ಲ.

"ದರ್ಜಿಯವನ ಹತ್ರ ಒಂದು ಗಿಣಿ ನೋಡಿದೆ. ಅದು ನನ್ನ ಚಿತ್ರ. ನಿನ್ನ ಗಂಡನ ಕೈಗೆ ಹೇಗೆ ಬಂತು?"

ನಾದಿನಿ ಮುಖ ಎತ್ತಿ ನೋಡಿದಳು. ಆಮೇಲೆ ಎದ್ದು, ಮೇಜಿನ ಕೆಳಗಿನಿಂದ ಒಂದು ಟ್ರಂಕು ಎಳೆದು ಮುಚ್ಚಳ ತೆರೆದಳು.

ಒಳಗೆಲ್ಲ ದೊಡ್ಡಳಿಯನದೇ ಚಿತ್ರಗಳು. ಒಂದು ಎಳೆ ಗೆರೆ ಆಚೀಚೆಯಾಯಿತೆಂದು ಮುದುಡಿ ಬುಟ್ಟಿಗೆ ಎಸೆದವು. ಒಂದೊಂದನ್ನೂ ಇಸ್ತ್ರಿ ಹಾಕಿ, ಹರಿದಲ್ಲಿ ಹಿಂದಿನಿಂದ ಕಾಗದ ಅಂಟಿಸಿ, ಜೋಡಿಸಿ ಇಡಲಾಗಿತ್ತು. ಹಂಸ, ದ್ರಾಕ್ಷಿ ಗೊಂಚಲು, ಕುದುರೆ, ಲೆಕ್ಕವಿಲ್ಲದಷ್ಟು ಗಿಣಿ.

"ಅಕ್ಕ ಕೊಡ್ತಿದ್ದಳು. ಹೇಗೂ ನೀವು ಎಸೆದದ್ದಲ್ವಾ," ಎಂದಳು ನಾದಿನಿ. "ಬಹುಮಾನದ್ದಕ್ಕೆಲ್ಲ ಇದನ್ನ ಮುಟ್ಟುತ್ತಿರಲಿಲ್ಲ ಅವರು. ಹಲಗೆ ಕೊಟ್ಟವರಿಗೆ ಮಾತ್ರ ಇದರಲ್ಲಿ ಒಂದೊಂದು ಮಾಡಿಕೊಡ್ತಿದ್ರು. ನಿಮ್ಮನ್ನ ಕಂಡ್ರೆ ಅವರಿಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ ಭಾವ? ಇಲ್ಲೇ ಕೂತು ಬರೀತಿದ್ರು, ಹರೀತಿದ್ರು. 'ಭಾವ ಬುಟ್ಟಿಗೆ ಹಾಕೋದು ನಂಗೆ ಜನ್ಮದಲ್ಲಿ ಬರಲ್ಲ ಕಣೇ' ಅಂತಿದ್ರು."

ದೊಡ್ಡಳಿಯನಿಗೆ ಮೊದಲು ಆದದ್ದು ಸಂತೋಷ. ಎದೆಯೊಳಗೆ ಬೆಚ್ಚಗೆ ಏನೋ ಹರಡಿತು. ಮೂವತ್ತು ವರ್ಷದಲ್ಲಿ ಅಂಥ ಸಂತೋಷ ಅವನಿಗಾಗಿರಲಿಲ್ಲ. ಹೋಗಿ ಚಿಕ್ಕಳಿಯನ ಭುಜ ತಟ್ಟಿ, ನಿಂಗೂನಾ ಅಯ್ಯಾ, ಎಂದು ಕೇಳಬೇಕೆನಿಸಿತು. ಕೇಳಲು ಅವನು ಎಲ್ಲಿದ್ದ?

"ನಂಗೆ ಒಂದು ಮಾತು ಹೇಳಬಹುದಿತ್ತು," ಎಂದ.

"ಹೇಳಿದ್ರೆ ಹಲಗೆದೂ ಹೇಳಬೇಕಾಗ್ತಿತ್ತು. 'ಕಂಡವರ ಮನೆ ಕಸ' ಅಂತ ನೀವು ಮತ್ತೆ ನಗ್ತೀರಿ ಅಂತ ಅವರಿಗೆ ಭಯ. ಕೆಲಸ ಹೋದ್ರೂ ಚಿಂತೆಯಿಲ್ಲ, ಭಾವನ ಮುಂದೆ ಮಾತ್ರ ಗೊತ್ತಾಗಬಾರದು ಅಂತ." ಅವಳು ಟ್ರಂಕಿನ ಒಂದು ಬದಿಯಿಂದ ಮಡಿಸಿದ ಹಾಳೆ ತೆಗೆದಳು. "ಇದು ನೋಡಿ, ಅವತ್ತು ನೀವು ಬರೆದುಕೊಟ್ಟ ಉತ್ತರದ ನಕಲು. ಅಕ್ಷರ ಚೆನ್ನಾಗಿದೆ ಅಂತ ಇದನ್ನೂ ಚಿತ್ರದ ಜೊತೆಗೇ ಇಟ್ಟುಕೊಂಡಿದ್ರು. ಅಷ್ಟು ಕಷ್ಟದಲ್ಲಿ ನಮ್ಮ ಕೈ ಹಿಡಿದವರು ನೀವೊಬ್ಬರೇ ಭಾವ."

ದೊಡ್ಡಳಿಯ ಹಾಳೆ ತೆಗೆದುಕೊಳ್ಳಲಿಲ್ಲ.

"ಮೊದಲನೇದನ್ನೂ ನಾನೇ ಬರೆದದ್ದು."

"ಯಾವ ಮೊದಲನೇದು?"

"ಈ ಉತ್ತರ ಯಾವುದಕ್ಕೋ, ಅದು. ಎಡಗೈಯಲ್ಲಿ ಬರೆದೆ."

ಬಾಗಿಲಲ್ಲಿ ಲೋಟವೊಂದು ಠಣ್ ಎಂದು ನೆಲಕ್ಕೆ ಬಿತ್ತು. ತಂಗಿಗೆ ಕುಡಿಯಲು ಬಿಸಿನೀರು ತಂದ ಹೆಂಡತಿ ಅಲ್ಲಿ ನಿಂತಿದ್ದಳು.

ನಾದಿನಿ ಹಾಳೆಯನ್ನು ಮೊದಲಿದ್ದ ಮಡಿಕೆಗೇ ಮಡಿಸಿದಳು. ಟ್ರಂಕಿನಲ್ಲಿಟ್ಟು, ಮುಚ್ಚಳ ಹಾಕಿ, ಅದರ ಮೇಲೆ ಕೂತಳು.

"ಹಲಗೆ ಬೇಕಾದಷ್ಟು ತಗೊಂಡು ಹೋಗಿ," ಎಂದಳು. ದನಿ ಏರಲಿಲ್ಲ. "ಅದಕ್ಕೇ ತಾನೇ ಇಷ್ಟೆಲ್ಲ. ಚಿತ್ರ ಮಾತ್ರ ಕೊಡಲ್ಲ. ಅವು ಅವರದು."

"ನೋಡಮ್ಮಾ, ನಾನು..."

"ತಗೊಂಡು ಹೋಗಿ ಭಾವ."

ಬರಿಗೈಯಲ್ಲಿ ಹೊರಟರೆ ಅವಳ ಮಾತು ಮೀರಿದಂತೆ, ತೆಗೆದುಕೊಂಡರೆ ಅದಕ್ಕಿಂತ ಕೆಟ್ಟದ್ದು. ಕೊನೆಗೆ ಕೈಗೆ ಸಿಕ್ಕಿದ ಒಂದು ಹಲಗೆ ಎತ್ತಿಕೊಂಡ. ಆಳುದ್ದ ಇತ್ತು, ಗಾಳಿಯಷ್ಟು ಹಗುರವಾಗಿತ್ತು.

ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಿದ್ದಳು. ಅವನಿಗಾಗಿ ಕಾಯಲಿಲ್ಲ. ಇಪ್ಪತ್ತು ಹೆಜ್ಜೆ ಮುಂದೆ ತಿರುಗಿ ನೋಡದೆ ನಡೆಯುತ್ತಿದ್ದಳು. ಸಂಜೆಯ ಗಾಳಿ ಹಲಗೆಗೆ ಬಡಿದು ಅವನನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತಿರುಗಿಸುತ್ತಿತ್ತು. ಎರಡು ಕೈಯಲ್ಲೂ ತಬ್ಬಿ ಹಿಡಿದು ಏಡಿಯಂತೆ ಅಡ್ಡಡ್ಡ ನಡೆದ. ಎದುರು ಬಂದವರು ರಸ್ತೆಗಿಳಿದು ದಾರಿ ಬಿಟ್ಟರು.

"ರೀ, ಹಲಗೆಯೋರೆ!"

ನೀಲಿ ಗೇಟಿನ ಮೇಲೆ ಕೈಯಿಟ್ಟು ಒಬ್ಬ ಅಜ್ಜಿ ನಿಂತಿದ್ದಳು.

"ಮೀಟರಣ್ಣ ಹೋಗಿಬಿಟ್ರಂತಲ್ಲಪ್ಪಾ. ನಂಗೆ ಕಾಲು ನೋವು, ಬರೋಕಾಗಲಿಲ್ಲ. ಇನ್ನು ಮೇಲೆ ಅವರ ಬದಲು ನೀವಾ?"

ಉತ್ತರಕ್ಕೆ ಕಾಯದೆ ಅಜ್ಜಿ ಒಳಗೆ ಹೋಗಿ, ಒಂದು ಮೇಜಿನ ಡ್ರಾಯರ್ ಎಳೆದು ತಂದು ಮೆಟ್ಟಿಲ ಮೇಲೆ ಬೋರಲು ಹಾಕಿದಳು. ಗುಂಡಿ, ಬಾಚಣಿಗೆ, ತುಕ್ಕು ಹಿಡಿದ ಕತ್ತರಿ, ಯಾರದೋ ಕನ್ನಡಕ, ಎಲ್ಲ ಸುರಿದು ಹರಡಿದವು.

"ಅವರಿಗೇ ಅಂತ ಎತ್ತಿಟ್ಟಿದ್ದೆ. ನೋಡಿ, ಚೆನ್ನಾಗಿದೆಯಾ ಅಂತ."

ಬೀದಿಯ ತಿರುವಿನಲ್ಲಿ ಹೆಂಡತಿ ನಿಂತುಬಿಟ್ಟಿದ್ದಳು, ಇತ್ತ ಬೆನ್ನು ಹಾಕಿ. ದೊಡ್ಡಳಿಯ ಕೈಯಲ್ಲಿದ್ದ ಹಲಗೆಯನ್ನು ಅಜ್ಜಿಯ ಗೇಟಿಗೆ ಒರಗಿಸಿದ. ಮೆಟ್ಟಿಲ ಮೇಲೆ ಮಂಡಿಯೂರಿ, ಡ್ರಾಯರಿನ ತಳಕ್ಕೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ.